ವೈಫೈ ಕಾರ್ಡು ಮತ್ತು ಅಕ್ಕನ ಕಾಲುಂಗುರ

ನನ್ನ ಗಂಟಲಲ್ಲಿ ನನ್ನದಲ್ಲದ ದನಿಗಳೇ ಹೆಚ್ಚು. ವಿಜಯಪುರದ ಒಂದು ಕೊರಿಯರ್ ಆಫೀಸಿನಲ್ಲಿ ನನ್ನ ಕೆಲಸ. ದಿನವಿಡೀ ಮನೆಮನೆಯ ಬಾಗಿಲು ಬಡಿದು ಪಾರ್ಸಲ್ ಕೊಡುತ್ತೇನೆ, ಬರುವಾಗ ಆ ಮನೆಯವರ ದನಿಯನ್ನು ಎತ್ತಿಕೊಂಡು ಬರುತ್ತೇನೆ. ಅದಕ್ಕೆ ಯಾರೂ ಸಹಿ ಕೇಳುವುದಿಲ್ಲ. ಅಥಣಿ ರಸ್ತೆಯ ಹೊಸ ಲೇಔಟಿನ ನಿವೃತ್ತ ಮಾಸ್ತರರು ಬಾಗಿಲು ತೆರೆಯುವ ಮೊದಲು ಗಂಟಲು ಕೆರೆದುಕೊಳ್ಳುವ ರೀತಿ, ಇಬ್ರಾಹಿಂಪುರದ ವೆಲ್ಡಿಂಗ್ ಅಂಗಡಿಯವನು ರೈಲು ಹೋಗುವಾಗಲೂ ಮಾತು ನಿಲ್ಲಿಸದೆ ಅದರ ಮೇಲೆಯೇ ಕೂಗುವ ರೀತಿ, ಬಬಲೇಶ್ವರದ ನಮ್ಮ ಮನೆಯಲ್ಲಿ ಅವ್ವ ಫೋನೆತ್ತಿದವಳೇ ಹಲೋ ಅನ್ನದೆ "ಉಂಡಿಯೇನೋ?" ಎನ್ನುವ ರೀತಿ, ಎಲ್ಲವೂ ಬರುತ್ತವೆ. ನನ್ನ ಸ್ವಂತ ದನಿಯನ್ನು ಒಮ್ಮೆ ರೆಕಾರ್ಡ್ ಮಾಡಿ ಕೇಳಿದ್ದೆ. ಕೊಡದಲ್ಲಿ ತಲೆ ಸಿಕ್ಕಿಸಿಕೊಂಡ ಆಡಿನ ಹಾಗಿತ್ತು. ಅಂದಿನಿಂದ ಬೇರೆಯವರದನ್ನೇ ಬಳಸುತ್ತೇನೆ.

ಈ ಚಟವೇ ನನ್ನನ್ನು ಒಂದು ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಇಳಿಸಿತು.

ಅಕ್ಕನನ್ನು ಕೊಟ್ಟದ್ದು ತಿಕೋಟಾಕ್ಕೆ. ಗಂಡನ ಮನೆಯವರದು ದ್ರಾಕ್ಷಿ ತೋಟ. ಮನೆಗೆ ಹತ್ತಿಕೊಂಡೇ ಮಣೂಕದ ಶೆಡ್ಡು. ಒಣದ್ರಾಕ್ಷಿಗೆ ನಾವು ಮಣೂಕ ಅನ್ನುತ್ತೇವೆ, ಅಕ್ಕನ ಗಂಡನಿಗೆ ಮಾಮಾ ಅನ್ನುತ್ತೇವೆ. ಅಕ್ಕ ಗಣಿತದಲ್ಲಿ ಎಂಎಸ್ಸಿ ಮಾಡಿದವಳು. ಆನ್‌ಲೈನಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಒಂದು ಡೆಮೊ ಕ್ಲಾಸ್ ತೆಗೆದುಕೊಂಡು ತೋರಿಸಿ ಎಂದು ಕಂಪನಿಯವರು ಕರೆದರು. ತೋರಿಸುತ್ತಿದ್ದ ಹಾಗೆ ನೆಟ್ ಹೋಯಿತು. ಅಕ್ಕ ಬಾಯಿ ತೆರೆದಂತೆಯೇ ಅವರ ಪರದೆಯ ಮೇಲೆ ಗೊಂಬೆಯಾಗಿ ನಿಂತಳಂತೆ. ಬಹಳ ಕೇಳಿಕೊಂಡ ಮೇಲೆ ಮತ್ತೊಂದು ಅವಕಾಶ ಕೊಟ್ಟರು. ಇದೇ ಕೊನೆಯದು ಅಂತಲೂ ಹೇಳಿದರು. ಅದು ಸೋಮವಾರ ಬೆಳಿಗ್ಗೆ.

ಶನಿವಾರ ಫೋನ್ ಬಂತು. "ಲೇ, ಮೊಬೈಲಿಗೆ ನೆಟ್ ಬರ್ತೈತಿ, ಲ್ಯಾಪ್‌ಟಾಪಿಗೆ ಬರವಲ್ದೋ. ಬರ್ತೈತಿ, ಹೋಗ್ತೈತಿ. ಏನ್ ಮಾಡ್ಲಿ?"

ನನಗೆ ಗೊತ್ತಿದ್ದದ್ದು ಒಂದೇ. ನಗರದ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬರಿದ್ದಾರೆ. ಅವರಿಗೆ ನಾನು ವಾರಕ್ಕೊಮ್ಮೆಯಾದರೂ ಪಾರ್ಸಲ್ ಕೊಡುತ್ತೇನೆ. ಯಾವ ಯಂತ್ರ ಕೆಟ್ಟಿದ್ದರೂ ಸತ್ತವರ ಮನೆಗೆ ಬಂದವರ ಹಾಗೆ ಮೆಲ್ಲಗೆ ಮಾತಾಡುತ್ತಾರೆ. ನಾನು ಅವರ ದನಿ ತೆಗೆದೆ. "ನೋಡ್ರಿ ಅಕ್ಕಾರ... ಮನಸ್ ಗಟ್ಟಿ ಮಾಡ್ಕೋರಿ. ಒಳಗಿನ ವೈಫೈ ಕಾರ್ಡ್ ಹೋಗೇತಿ. ಇದ್ದಷ್ಟ ದಿನಾ ಚಲೋ ಇತ್ತು. ಈಗ ಹೊಸಾದು ಹಾಕೂದ ದಾರಿ."

ಅಕ್ಕ ನಗಲಿಲ್ಲ. ಫೋನು ಸ್ಪೀಕರಿನಲ್ಲಿತ್ತು. ಹಿಂದಿನಿಂದ ಮಾಮಾನ ದನಿ ಬಂತು. "ಹಾಂ, ಯಾರ್ರೀ ಇವ್ರು? ಭಾಳ ತಿಳದಾವ್ರು ಅದಾರ."

"ನಾನರಿ ಮಾಮಾ."

"ನೀನೇನೋ! ಲೇ, ಇಷ್ಟ ಗೊತ್ತಿದ್ರ ನೀನ ಕಾರ್ಡ್ ತಂದು ಹಾಕಿ ಹೋಗು. ಸೀಜನ್ನಿನಾಗ ನಾ ಎಲ್ಲಿ ಲ್ಯಾಪ್‌ಟಾಪ್ ಹೊತ್ಕೊಂಡು ತಿರಗ್ಲಿ? ನಾಳೆ ಬಾ. ತಿಳೀತೋ ಇಲ್ಲೋ?"

ಮಾಮಾ ಹೆಚ್ಚುಕಡಿಮೆ ಪ್ರತಿ ಮಾತನ್ನು "ಹಾಂ" ಅಂತ ಶುರು ಮಾಡಿ "ತಿಳೀತೋ ಇಲ್ಲೋ" ಅಂತ ಮುಗಿಸುತ್ತಾರೆ. ನಡುವೆ ಏನಿರುತ್ತದೆ ಅನ್ನುವುದು ಮುಖ್ಯವಲ್ಲ. ಆ ಎರಡು ತುದಿ ಹಿಡಿದರೆ ಮಾಮಾ ಸಿಕ್ಕಂತೆಯೇ. ಬೀಗರ ಮನೆಯ ಯಾವ ಕಾರ್ಯಕ್ರಮದಲ್ಲೂ ನನ್ನ ಮೊದಲ ಐಟಂ ಅವರೇ.

ನಾನು ಸ್ಕ್ರೂಡ್ರೈವರ್ ಹಿಡಿದದ್ದು ಜೀವನದಲ್ಲಿ ಒಮ್ಮೆ, ಅದೂ ಮಿಕ್ಸರಿನ ಮುಚ್ಚಳಕ್ಕೆ. ಆ ಮಿಕ್ಸರ್ ಈಗ ನಮ್ಮ ಬಬಲೇಶ್ವರದ ಮನೆಯಲ್ಲಿ ಬಾಗಿಲು ಬಡಿಯದಂತೆ ಅಡ್ಡ ಇಡಲು ಉಪಯೋಗಕ್ಕಿದೆ. ಆದರೂ ಹೊರಟೆ. ರಿಪೇರಿ ಅಂಗಡಿಗೆ ಹೋದರೆ ಇನ್ನೊಂದು ಕಷ್ಟ. ಅವರೆದುರು ನಿಂತ ಕೂಡಲೇ ನನ್ನ ಬಾಯಿಂದ ಅವರದೇ ದನಿ ಬರತೊಡಗಿತು. "ನೋಡ್ರಿ..." ಅಂದೆ ಮೆಲ್ಲಗೆ. ಅವರೂ "ನೋಡ್ರಿ..." ಅಂದರು ಮೆಲ್ಲಗೆ. ಸ್ವಲ್ಪ ಹೊತ್ತು ಇಬ್ಬರೂ ಒಬ್ಬರಿಗೊಬ್ಬರು ಸಮಾಧಾನ ಹೇಳುವವರ ಹಾಗೆ ನಿಂತಿದ್ದೆವು. ನಾನು ಕೆಮ್ಮಿ, ನನ್ನ ಆಡಿನ ದನಿಯಲ್ಲಿ ಲ್ಯಾಪ್‌ಟಾಪಿನ ಮಾಡೆಲ್ ಹೇಳಿದೆ.

ಅವರು ಕೊಟ್ಟ ಕಾರ್ಡು ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು. ಇಷ್ಟೇನಾ ಅನ್ನಿಸಿತು. "ಬ್ಯಾಟರಿ ತಗೀರಿ. ಮೊದಲ ಕಬ್ಬಿಣಾ ಮುಟ್ರಿ, ಮೈಯಾಗಿನ ಕರೆಂಟ್ ಇಳೀತೈತಿ. ಒಂದ ಸ್ಕ್ರೂ. ಎರಡು ಸಣ್ಣ ವೈರ್ ಬರ್ತಾವು, ಒಂದು ಕರೇದು ಒಂದು ಬಿಳೇದು. ಅವು ಆಂಟೆನಾ. ಜಂಪರಿನ ಟಿಚ್ ಬಟನ್ ಹಾಕಿದಂಗ ಒತ್ರಿ, ಟಿಕ್ ಅಂತೈತಿ. ಜೋರ್ ಮಾಡಬ್ಯಾಡ್ರಿ," ಅಂದರು. ನಾನು ಹೌದು ಹೌದು ಎಂದು ತಲೆಯಾಡಿಸಿದೆ, ದಿನಾ ನಾಲ್ಕು ಹಾಕುವವನ ಹಾಗೆ.

ಭಾನುವಾರ ತಿಕೋಟಾದಲ್ಲಿ ಇಳಿದಾಗ ಬಿಸಿಲಿಗೆ ಊರೆಲ್ಲ ಕಣ್ಣು ಮುಚ್ಚಿಕೊಂಡಿತ್ತು. ಪಡಸಾಲೆಯಲ್ಲಿ ಅಕ್ಕನ ಅತ್ತೆ ಟಿವಿ ನೋಡುತ್ತಿದ್ದರು. ಅವರ ಟಿವಿಯ ಸಪ್ಪಳ ಬಸ್‌ಸ್ಟ್ಯಾಂಡಿಗೇ ಕೇಳಬೇಕಿತ್ತು, ಕೇಳಲಿಲ್ಲ, ಅದೇ ಆಶ್ಚರ್ಯ. ಟಿವಿಯ ಮೇಲೆ, ಗೋಡೆಗೆ ರೌಟರ್ ಹೊಡೆದಿದ್ದರು. ಅಕ್ಕ ಮಾತ್ರ ಪಾಠದ ಅಭ್ಯಾಸ ಮಾಡುತ್ತಿದ್ದದ್ದು ಹಿಂದಿನ ಸಾಮಾನಿನ ಕೋಣೆಯಲ್ಲಿ. ಬಾಗಿಲು ಹಾಕಿಕೊಂಡರೆ ಮನೆಯಲ್ಲಿ ಸದ್ದು ಕೇಳದ ಜಾಗ ಅದೊಂದೇ. ಸೀಜನ್ ಶುರುವಾದಾಗಿನಿಂದ ದಿನಾ ಸಂಜೆ ಅಲ್ಲಿಯೇ ಕೂತು, ಚೀಲಗಳಿಗೆ ತ್ರಿಕೋನಮಿತಿ ಹೇಳುತ್ತಿದ್ದಳು.

"ಬಂದೇನೋ ನಕಲಿ?" ಅಂದರು ಅತ್ತೆ. "ಲ್ಯಾಪ್‌ಟಾಪ್ ಬಿಚ್ಚಾಂವ ಅಂತ. ಬಿಚ್ಚಿದ್ದನ್ನ ಕೂಡಿಸ್ತಿಯಲ್ಲ?"

"ಕೂಡಸ್ತೀನಿ ಅತ್ತಿ. ಉಳದದ್ದನ್ನ ನಿಮಗ ಕೊಡ್ತೀನಿ, ಒಗ್ಗರಣಿಗೆ ಹಾಕ್ರಿ."

"ನಿನ್ನ ನಾಲಿಗಿನ ಹಾಕಬೇಕು ಒಗ್ಗರಣಿಗೆ."

ನೆಲಕ್ಕೆ ಬಿಳಿ ಬಟ್ಟೆ ಹಾಸಿದೆವು. ಸ್ಕ್ರೂ ಕಳೆಯಬಾರದೆಂದು ಅಕ್ಕ ಸ್ಟೀಲ್ ತಾಟು ತಂದಳು. ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಕುಂಕುಮದ ಬೊಟ್ಟು ನೋಡಿ ಇದೇನು ಅಂದೆ. ಅಕ್ಕ ಕಣ್ಣಲ್ಲೇ ಸುಮ್ಮನಿರು ಅಂದಳು. ಅತ್ತೆಯೇ ಹೇಳಿದರು. "ಆಕಿ ಮ್ಯಾಲ ಯಾರದೋ ದೃಷ್ಟಿ ಬಿದ್ದೈತಿ. ಕಾಲುಂಗುರ ನೋಡು, ತಿಕ್ಕಿದ ಮರುದಿನಾನ ಕರ್ರಗ ಆಗಾಕತ್ತಾವು. ಬೆಳ್ಳಿ ಕರ್ರಗಾತಂದ್ರ ದೃಷ್ಟಿ ಅಂತ ಅರ್ಥ. ಅಮಾಸಿಗೆ ಉಪ್ಪು ಮೆಣಸಿನಕಾಯಿ ಇಳಿ ತಗದೀನಿ. ಲ್ಯಾಪ್‌ಟಾಪಿಗೂ ತಗದೀನಿ, ಅದೂ ಆಕೀದ ಅಲ್ಲೇನು."

ಮಾಮಾ ಬಾಗಿಲಲ್ಲಿ ನಿಂತು, "ಹಾಂ, ಇದ್ರಾಗ ದೃಷ್ಟಿ ಏನೂ ಇಲ್ಲ, ಆಕಿ ಸರಿಯಾಗಿ ತಿಕ್ಕೂದಿಲ್ಲ, ತಿಳೀತೋ ಇಲ್ಲೋ," ಅಂದರು. ಅಕ್ಕ ಒಣ ಕೆಮ್ಮು ಕೆಮ್ಮಿದಳು. ಬೇಸಿಗೆಯ ಧೂಳಿಗೆ ಬಂದ ಕೆಮ್ಮು ಅನ್ನುತ್ತಿದ್ದಳು.

ನಾನು ಎದ್ದು ಹೋಗಿ ಕಬ್ಬಿಣದ ತಿಜೋರಿಗೆ ಕೈ ಮುಟ್ಟಿಸಿ ಬಂದೆ. ಅತ್ತೆ ಅದನ್ನು ನಮಸ್ಕಾರ ಎಂದುಕೊಂಡು ಮೊದಲ ಸಲ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಸ್ಕ್ರೂ ಬಿಚ್ಚಿದೆ. ಹಳೆಯ ಎಟಿಎಂ ಕಾರ್ಡನ್ನು ಸಂದಿನಲ್ಲಿ ತೂರಿಸಿ ತಳದ ಮುಚ್ಚಳ ಎತ್ತಿದೆ.

ಮೊದಲು ಬಂದದ್ದು ವಾಸನೆ. ಕಡ್ಡಿಪೆಟ್ಟಿಗೆ ಇಡಿಯಾಗಿ ಗೀರಿದಂಥ ವಾಸನೆ. ಆಮೇಲೆ ಕಂಡದ್ದಕ್ಕೆ ನಾನು ಕಿರುಚಿಬಿಟ್ಟೆ.

ಒಳಗೆ ತಾಮ್ರ ಇರಬೇಕಾದಲ್ಲೆಲ್ಲ ಕಪ್ಪು. ಹೊಳೆಯಬೇಕಾದ ಪ್ರತಿ ಬಿಂದು ಹಂಚಿನ ತಳದ ಹಾಗೆ ಕರ್ರಗಾಗಿತ್ತು. ಕಪ್ಪು ಅಂಚಿನಿಂದ ಹೊರಟು ಜೇಡದ ಕಾಲಿನಂತೆ ಪಕ್ಕಕ್ಕೆ ಹರಿದಿತ್ತು. ಹಳೆಯ ವೈಫೈ ಕಾರ್ಡು ಸುಟ್ಟ ಹಪ್ಪಳದ ತುಂಡಿನಂತೆ ಮೂಲೆಯಲ್ಲಿ ಕೂತಿತ್ತು. ನಾನು ಸತ್ತ ಇಲಿಯನ್ನೋ ಜಿರಲೆಯನ್ನೋ ನಿರೀಕ್ಷಿಸಿದ್ದೆ. ಇದನ್ನಲ್ಲ.

ನನ್ನ ಕಿರುಚಾಟಕ್ಕೆ ಮಾಮಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಳೆದ ವರ್ಷ ಅವರ ಮನೆಯ ಫ್ಯಾನಿನ ಸ್ವಿಚ್ ಮುಟ್ಟಿ ಕರೆಂಟ್ ಹೊಡೆದವನ ಹಾಗೆ ನಡುಗಿ ಬಿದ್ದು ಎಲ್ಲರನ್ನೂ ಅಳಿಸಿದ್ದೆ. "ಹಾಂ, ಈ ಸಲ ಮೊದಲಿಗಿಂತ ಚಲೋ ಮಾಡಿದಿ. ಇನ್ನೊಮ್ಮೆ ಮಾಡು!"

"ಮಾಮಾ, ಖರೇನ ರೀ!"

"ದನಿ ಯಾರದೋ ಅದು? ಆಡಿಂದೇನು?"

"ನಂದರೀ! ಇದು ನನ್ನ ದನಿ ರೀ!"

ಯಾರೂ ನಂಬಲಿಲ್ಲ. ಅಕ್ಕ ಮಾತ್ರ ಬಗ್ಗಿ ನೋಡಿದಳು, ಅವಳ ಮುಖ ಇಳಿಯಿತು. "ಇದು ಯಾಕ ಹಿಂಗಾಗೇತೋ?" ಅಂದಳು. ಅಷ್ಟರಲ್ಲಿ ಅತ್ತೆ ಟಿವಿಯ ಸಪ್ಪಳ ತಗ್ಗಿಸಿ ಬಂದು ಕೂತರು. ಲ್ಯಾಪ್‌ಟಾಪಿನ ಕಪ್ಪು ನೋಡಿದರು. ಆಮೇಲೆ ತಲೆ ತಗ್ಗಿಸಿ, ಬಟ್ಟೆಯ ಅಂಚಿನಲ್ಲಿ ಮಡಚಿಕೊಂಡಿದ್ದ ಅಕ್ಕನ ಕಾಲು ನೋಡಿದರು. ಕಾಲುಂಗುರ ನೋಡಿದರು. ಮತ್ತೆ ಲ್ಯಾಪ್‌ಟಾಪು. ಮತ್ತೆ ಕಾಲು.

"ಎರಡೂ ಒಂದ ಕಪ್ಪು," ಅಂದರು ಅತ್ತೆ. ಅವರ ದನಿ ಎಷ್ಟು ಸಣ್ಣದಾಗಿತ್ತೆಂದರೆ ನನಗೆ ಅದನ್ನು ಈಗಲೂ ತೆಗೆಯಲು ಬರುವುದಿಲ್ಲ. "ಇದು ದೃಷ್ಟಿ ಅಲ್ಲೋ ಯಪ್ಪಾ. ಗಂಧಕ."

ಮಾಮಾನ ನಗು ಅಲ್ಲೇ ನಿಂತಿತು.

ದ್ರಾಕ್ಷಿ ಒಣಗಿದ ಮೇಲೆ ಬಣ್ಣ ಬಂಗಾರದ ಹಾಗೆ ಉಳಿಯಲಿ ಅಂತ ಮಣೂಕಕ್ಕೆ ಗಂಧಕದ ಹೊಗೆ ಕೊಡುತ್ತಾರೆ. ಕ್ರೇಟುಗಳನ್ನು ಒಟ್ಟಿ, ಮೇಲೆ ತಾಡಪತ್ರಿ ಬಿಗಿಯಾಗಿ ಹೊದಿಸಿ, ಒಳಗೆ ಬಾಣಲೆಯಲ್ಲಿ ಗಂಧಕ ಸುಡುತ್ತಾರೆ. ಬೆಂಕಿ ಹಚ್ಚಿದವರು ದೂರ ಹೋಗಿ ನಿಲ್ಲುತ್ತಾರೆ. ಇದು ಈ ಕೆಲಸದವರಿಗೆಲ್ಲ ಗೊತ್ತು. ಮಾಮಾನ ಶೆಡ್ಡಿನಲ್ಲಿ ಆ ತಾಡಪತ್ರಿಯ ಗುಡಾರವನ್ನು ಗಾಳಿಗೆ ಹಾರದಿರಲೆಂದು ಮನೆಯ ಹಿಂದಿನ ಗೋಡೆಗೇ ಆನಿಸಿ ಕಟ್ಟುತ್ತಿದ್ದರು. ಗೋಡೆಯ ಈಚೆಗೆ ಸಾಮಾನಿನ ಕೋಣೆ. ಕೋಣೆಗೆ ಒಂದು ಕಿಟಕಿ, ಕಿಟಕಿಗೆ ಒಂದು ಗೋಣಿತಟ್ಟಿನ ಪರದೆ. ಆ ಪರದೆಯ ಕೆಳಗೆ, ಬಾಗಿಲು ಹಾಕಿಕೊಂಡು, ಸೀಜನ್ ಪೂರ್ತಿ, ನಮ್ಮ ಅಕ್ಕ.

ನನ್ನ ಬಳಿ ಇದ್ದ ಅಷ್ಟೂ ದನಿಗಳಲ್ಲಿ ಆ ಹೊತ್ತಿಗೆ ಹೊಂದುವಂಥದ್ದು ಒಂದೂ ಇರಲಿಲ್ಲ. ಬೆಳ್ಳಿ ಕಪ್ಪಾದರೆ ತಿಕ್ಕಬಹುದು, ಕಾರ್ಡು ಕಪ್ಪಾದರೆ ಬದಲಿಸಬಹುದು. ಅಕ್ಕ ಮತ್ತೊಮ್ಮೆ ಕೆಮ್ಮಿದಳು. ಈ ಸಲ ನಾವೆಲ್ಲ ಅದನ್ನು ಕೇಳಿದೆವು.

"ವಾಸನಿ ಬರ್ತಿರ್ಲಿಲ್ಲೇನಬೇ?" ಅಂದರು ಅತ್ತೆ.

"ಬರ್ತಿತ್ತು ಅತ್ತೀ. ಮನಿ ತುಂಬ ಬರ್ತೈತಲ್ರಿ, ಸೀಜನ್ ಅಂದ್ರ ಹಿಂಗ ಅಂತ ಸುಮ್ಮನಿದ್ದೆ."

"ಟಿವಿ ಸಣ್ಣ ಮಾಡ್ರಿ ಅಂತ ಒಂದ್ ಮಾತು ಅನ್ನಾಕ ಆಗಲಿಲ್ಲೇನು ನಿನಗ?"

ಅಕ್ಕ ಸೀರೆಯ ನೆರಿಗೆಯನ್ನು ಕಾಲುಂಗುರದ ಮೇಲೆ ಎಳೆದುಕೊಂಡಳು. ಮದುವೆಯಾಗಿ ಬಂದ ಮನೆಯಲ್ಲಿ ಆ ಒಂದು ಮಾತು ಎಷ್ಟು ಭಾರ ಅಂತ ಅತ್ತೆಗೂ ಗೊತ್ತಿತ್ತು. ಅವರೂ ಒಂದು ಕಾಲಕ್ಕೆ ಹಾಗೇ ಬಂದವರು.

ಮಾಮಾ ಹೇಳಿದರು, ಸೀಜನ್ ಮುಗಿಯಲಿ, ಮುಂದಿನ ವರ್ಷದಿಂದ ಗುಡಾರವನ್ನು ಬೇರೆ ಕಡೆ ಕಟ್ಟೋಣ. ಈಗ ಸರಿಸಿದರೆ ಎರಡು ದಿನ ಕೆಲಸ ನಿಲ್ಲುತ್ತದೆ. "ಹಾಂ, ಅಲ್ಲೀ ತನಕ ಹೊಗಿ ಹಾಕೂ ಹೊತ್ತಿಗೆ ಆಕಿ ಹೊರಗ ಬರ್ಲಿ, ತಿಳೀತೋ ಇಲ್ಲೋ." ಕ್ಲಾಸು ಸಿಕ್ಕರೆ ಅದು ದಿನಾ ಸಂಜೆ. ಹೊಗೆ ಹಾಕುವುದೂ ದಿನಾ ಸಂಜೆಯೇ. ಈ ಲೆಕ್ಕ ಹೇಳಲು ಎಂಎಸ್ಸಿ ಬೇಕಿರಲಿಲ್ಲ.

ಇತ್ತ ಡೆಮೊ ಕ್ಲಾಸು ಮರುದಿನ ಬೆಳಿಗ್ಗೆ, ಲ್ಯಾಪ್‌ಟಾಪು ಹೊಟ್ಟೆ ತೆರೆದು ಬಿದ್ದಿತ್ತು. ನಾನು ಹಳೆಯ ಕಾರ್ಡಿನ ಸ್ಕ್ರೂ ತೆಗೆದೆ. ಬಿಳಿ ವೈರು ಸುಖವಾಗಿ ಬಿಟ್ಟುಕೊಂಡಿತು. ಕರಿ ವೈರಿನ ತುದಿಯನ್ನು ಉಗುರಿನಿಂದ ಎತ್ತಿದೆ. ಅದು ಹುರಿದ ಸಾಸಿವೆ ಕಾಳಿನ ಹಾಗೆ ಪುಡಿಯಾಗಿ ಬಿಳಿ ಬಟ್ಟೆಯ ಮೇಲೆ ಉದುರಿತು.

"ಏನಾತೋ?" ಅಂದಳು ಅಕ್ಕ.

ರಿಪೇರಿಯವರ ದನಿಯಲ್ಲಿ "ನೋಡ್ರಿ ಅಕ್ಕಾರ, ಮನಸ್ ಗಟ್ಟಿ ಮಾಡ್ಕೋರಿ," ಅಂದೆ. ತಾಟು ನನ್ನ ಬೆನ್ನಿಗೆ ಬಿತ್ತು. ಸ್ಕ್ರೂಗಳು ಮನೆ ತುಂಬ ಚೆಲ್ಲಿದವು. ಹುಡುಕುವುದರಲ್ಲಿ ಎಲ್ಲರಿಗೂ ಸ್ವಲ್ಪ ಉಸಿರು ಬಂತು.

ಹೊಸ ಕಾರ್ಡನ್ನು ಓರೆಯಾಗಿ ತೂರಿಸಿ, ಒತ್ತಿ, ಸ್ಕ್ರೂ ಹಾಕಿದೆ. ಉಳಿದ ಬಿಳಿ ವೈರಿನ ಬಟನ್ನು ನನ್ನ ಕೈಗೆ ಕೂಡಲಿಲ್ಲ. ಅಕ್ಕ ಹುಬ್ಬು ಕೀಳುವ ಚಿಮಟ ತಂದು ಟಿಕ್ ಅನ್ನಿಸಿದಳು. ಆನ್ ಮಾಡಿದೆವು. ನೆಟ್ ಬಂತು! ಮಾಮಾ ಚಪ್ಪಾಳೆ ಹೊಡೆದರು. ಅಕ್ಕ ಲ್ಯಾಪ್‌ಟಾಪ್ ಎತ್ತಿಕೊಂಡು ಎರಡು ಹೆಜ್ಜೆ ಒಳಗೆ ನಡೆದಳು. ನೆಟ್ ಹೋಯಿತು. ಎರಡು ಹೆಜ್ಜೆ ಹಿಂದೆ ಬಂದಳು. ಬಂತು. ಎರಡು ಕಿವಿಯಲ್ಲಿ ಒಂದು ಹೋದ ಮೇಲೆ ಯಂತ್ರವೂ ಹತ್ತಿರ ಬಂದು ಹೇಳು ಅನ್ನುತ್ತದೆ. ರೌಟರಿನ ಬುಡದಲ್ಲಿ, ಅಂದರೆ ಪಡಸಾಲೆಯಲ್ಲಿ, ಅಂದರೆ ಅತ್ತೆಯ ಟಿವಿಯ ಮೂಗಿನ ಕೆಳಗೆ ಕೂತರೆ ಮಾತ್ರ ಅದು ಕೆಲಸ ಮಾಡುತ್ತಿತ್ತು.

ಅಕ್ಕ ಅತ್ತೆಯ ಮುಖ ನೋಡಿದಳು. ಅತ್ತೆ ಎದ್ದು ಹೋಗಿ ಟಿವಿಯ ಪ್ಲಗ್ಗನ್ನೇ ಕಿತ್ತರು.

ಸೋಮವಾರ ಬೆಳಿಗ್ಗೆ ಅಕ್ಕ ಟಿವಿಗೆ ಬೆನ್ನು ಮಾಡಿ ಕೂತು ಪಾಠ ಶುರು ಮಾಡಿದಳು. ಅತ್ತೆ ಎದುರಿನ ಮಂಚದ ಮೇಲೆ, ಬಳೆ ಸಪ್ಪಳ ಆಗದಂತೆ ಕೈ ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದರು. ಮಾಮಾ ತೋಟಕ್ಕೆ ಹೋಗಿದ್ದರು. ನಾನು ಆಫೀಸಿಗೆ ಫೋನು ಮಾಡಿ, ರೋಗಿಯ ದನಿ ತೆಗೆದು ರಜೆ ಹಾಕಿದ್ದೆ. ಶೆಡ್ಡಿನ ಕಡೆಯ ಹಿಂಬಾಗಿಲು ಹಾಕಿಕೊಂಡು ಅದಕ್ಕೆ ಒರಗಿ ಕಾವಲು ನಿಂತಿದ್ದೆ. ಅಲ್ಲಿಂದ ಅಕ್ಕನ ದನಿ ಕೇಳುತ್ತಿತ್ತು. ಹುಟ್ಟಿದಾಗಿನಿಂದ ನಾನು ಗೇಲಿ ಮಾಡಿದ ದನಿ ಅದು. ತಡವರಿಸದೆ, ಆತುರವಿಲ್ಲದೆ, ಹೀಗೆ ಪಾಠ ಹೇಳುತ್ತಾಳೆಂದು ಗೊತ್ತೇ ಇರಲಿಲ್ಲ. ನಾನು ಇಷ್ಟು ದಿನ ಹಿಡಿದದ್ದು ಅವಳ ಬೈಗುಳ ಮಾತ್ರ.

ಆಗ ಯಾರೋ ಬಾಗಿಲು ಧಡ ಧಡ ಬಡಿದರು. ಶೆಡ್ಡಿನ ಕೆಲಸಗಾರರ ಮುಕಾದಮ. ಅವನ ಗಂಟಲಿಗೆ ಮೈಕು ಬೇಕಿಲ್ಲ. "ಸಾವ್ಕಾರ್ರ! ಕ್ರೇಟ್ ತುಂಬೇವ್ರಿ! ಎಲ್ಲಿ ಒಟ್ಟೂನ್ರಿ? ಇಲ್ಲೇ ಗ್ವಾಡಿಗೆ ಆನಿಸಿ ತಾಡಪತ್ರಿ ಕಟ್ಟೂನೇನ್ರಿ?"

ಪಡಸಾಲೆಯಲ್ಲಿ ಅಕ್ಕನ ಮಾತು ಒಂದು ಕ್ಷಣ ತಡೆಯಿತು. ಅತ್ತೆಯ ಕಣ್ಣು ನನ್ನ ಕಡೆ ತಿರುಗಿತು. ಬಾಗಿಲು ತೆರೆದರೆ ಅವನು ಒಳಗೆ ಬರುತ್ತಾನೆ, ತೆರೆಯದಿದ್ದರೆ ಮತ್ತೆ ಕೂಗುತ್ತಾನೆ, ಸುಮ್ಮನಿದ್ದರೆ ಗೋಡೆಗೇ ಕಟ್ಟುತ್ತಾನೆ. ನಾನು ಬಾಗಿಲ ಸಂದಿಗೆ ಬಾಯಿ ಹಚ್ಚಿದೆ.

"ಹಾಂ, ಮೆಲ್ಲಕ ಮಾತಾಡೋ. ಗ್ವಾಡಿ ಬಾಜೂ ಬ್ಯಾಡ. ಇನ್ನ ಮ್ಯಾಲ ಗ್ವಾಡಿ ಹಂತ್ಯಾಕ ಗಂಧಕ ಅನ್ನೂ ಹೆಸರ ಎತ್ತಬ್ಯಾಡ. ಎಲ್ಲಾ ಕಿತ್ಕೊಂಡು ಹೋಗಿ ಹೊಲದ ಬದುವಿನ ಕಡೆ ಒಟ್ರಿ, ಬೇವಿನ ಗಿಡದ ಆಚೀಕ. ತಿಳೀತೋ ಇಲ್ಲೋ?"

"ತಿಳೀತ್ರಿ ಸಾವ್ಕಾರ್ರ," ಅಂದ ಮುಕಾದಮ, ಮೆಲ್ಲಗೆ. ಹೆಜ್ಜೆ ಸಪ್ಪಳ ದೂರ ಹೋಯಿತು.

ತಿರುಗಿ ನೋಡಿದರೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಬೈಯಲು ತಡೆದುಕೊಂಡಿದ್ದಾರೋ ನಗಲು ತಡೆದುಕೊಂಡಿದ್ದಾರೋ ತಿಳಿಯಲಿಲ್ಲ. ಅಕ್ಕ ಪಾಠ ಮುಗಿಸಿದಳು. ನೆಟ್ ಒಮ್ಮೆಯೂ ಹೋಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಕಂಪನಿಯವರ ಫೋನು ಬಂತು. ಮುಂದಿನ ವಾರದಿಂದ ಸಂಜೆ ಕ್ಲಾಸು ತೆಗೆದುಕೊಳ್ಳಿ ಅಂದರು. ಅಕ್ಕ ರೊಟ್ಟಿ ಮುರಿದ ಕೈಯನ್ನು ಹಾಗೇ ಹಿಡಿದುಕೊಂಡು, ಮೊದಲ ಡೆಮೊದ ಗೊಂಬೆಯಂತೆಯೇ ಬಾಯಿ ತೆರೆದು ಕೂತಳು.

ಅಷ್ಟರಲ್ಲಿ ಹಿತ್ತಲಿನಿಂದ ಮಾಮಾನ ಕೂಗು. ನಾವೆಲ್ಲ ಓಡಿದೆವು. ಗೋಡೆ ಬೋಳಾಗಿತ್ತು. ಕ್ರೇಟು, ಬಾಣಲೆ, ತಾಡಪತ್ರಿ ಎಲ್ಲ ದೂರದ ಬೇವಿನ ಗಿಡದಾಚೆ ಹೋಗಿ ಕೂತಿದ್ದವು. ಎರಡು ದಿನದ ಕೆಲಸ ಅಂದದ್ದು ಒಂದು ಹೊತ್ತಿನಲ್ಲಿ ಮುಗಿದಿತ್ತು.

"ಹಾಂ, ಯಾರ್ಲೇ ಇದನ್ನೆಲ್ಲ ಅಲ್ಲಿ ಒಯ್ದವ್ರು?"

"ನೀವ ಹೇಳಿದ್ರಲ್ರಿ ಸಾವ್ಕಾರ್ರ!" ಅಂದ ಮುಕಾದಮ. "ಬಾಗಲಾ ಸೈತ ತಗೀಲಿಲ್ಲ, ಒಳಗಿಂದ ಬೈದ್ರಿ!"

"ನಾ ತ್ವಾಟದಾಗ ಇದ್ದೆನೋ ಮಾರಾಯಾ!"

ಮಾಮಾ ನಿಧಾನಕ್ಕೆ ನನ್ನ ಕಡೆ ತಿರುಗಿದರು. ನಾನು ಓಡಲು ಚಪ್ಪಲಿ ಎಲ್ಲಿವೆ ಅಂತ ನೋಡಿಕೊಂಡೆ. ಅತ್ತೆ ನಡುವೆ ಬಂದರು. "ನೀನ ಹೇಳಿದಿ. ಪಡಸಾಲ್ಯಾಗ ಕುಂತು ನನ್ನ ಕಿವಿಲೆ ಕೇಳೀನಿ. ಹಡದಾಕಿಗೆ ಮಗನ ದನಿ ತಿಳೀದಿಲ್ಲೇನು?"

ಮಾಮಾ ತಮ್ಮ ಅವ್ವನ ಮುಖ ನೋಡಿದರು. ಆ ಮುಖದಲ್ಲಿ ಸುಳ್ಳಿನ ಒಂದು ಗೆರೆಯೂ ಇರಲಿಲ್ಲ. ಜೀವನವಿಡೀ ನಕಲು ಮಾಡಿದ ನಾನೇ ದಂಗಾದೆ. "ಲೇ, ನೀ ಹೇಳು," ಅಂದರು ಮಾಮಾ ನನಗೆ.

"ನಾ ಏನೂ ಅಂದಿಲ್ರಿ ಮಾಮಾ," ಅಂದೆ, ಹೆದರಿಕೆಯಲ್ಲಿ ನನ್ನದೇ ಆಡಿನ ದನಿಯಲ್ಲಿ.

"ಇದು ಮತ್ತ ಯಾರ ದನಿ ತಗಿಯಾಕತ್ತೀಯೋ?" ಅಂದರು ಮಾಮಾ. ಆಮೇಲೆ ಬೇವಿನ ಗಿಡದ ಕಡೆ ನೋಡಿದರು, ಅಕ್ಕನ ಕಾಲಿನ ಕಡೆ ನೋಡಿದರು, ತಲೆ ಕೆರೆದುಕೊಂಡರು. "ಹಾಂ, ಇರ್ಲಿ. ನಾನ ಹೇಳಿರ್ಬೇಕು," ಅಂದರು. "ತಿಳೀತೋ ಇಲ್ಲೋ" ಅನ್ನಲಿಲ್ಲ.

ಅಕ್ಕನ ಕ್ಲಾಸು ಈಗ ಪಡಸಾಲೆಯಲ್ಲಿ ನಡೆಯುತ್ತದೆ. ಮುರಿದ ಕರಿ ವೈರನ್ನು ರಿಪೇರಿಯವರ ಬಳಿ ಬದಲಿಸೋಣ ಅಂದರೆ ಅತ್ತೆ ಬೇಡ ಅನ್ನುತ್ತಾರೆ. ಬದಲಿಸಿದರೆ ಮತ್ತೆ ಒಳಗಿನ ಕೋಣೆಗೆ ಹೋಗಿ ಕೂಡುತ್ತಾಳೆ ಅನ್ನುವುದು ಅವರ ಹೆದರಿಕೆ. ಕಾಲುಂಗುರವನ್ನು ಅವರೇ ಹುಣಸೆಹಣ್ಣು ಹಚ್ಚಿ ತಿಕ್ಕಿಕೊಟ್ಟರು. ಮರುದಿನವೂ ಬೆಳ್ಳಗೇ ಇದ್ದವು. ಕೆಮ್ಮಿಗೆ ವಿಜಯಪುರದ ಡಾಕ್ಟರಲ್ಲಿಗೆ ಅತ್ತೆಯೇ ಕರೆದುಕೊಂಡು ಬಂದರು. ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ.

ಕಷ್ಟ ಆಗಿರುವುದು ಮಾಮಾನಿಗೆ. ಶೆಡ್ಡಿನಲ್ಲಿ ಅವರು ಏನು ಕೂಗಿ ಹೇಳಿದರೂ ಮುಕಾದಮ ಕೆಲಸ ನಿಲ್ಲಿಸಿ, ಬಂದು ಎದುರಿಗೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಕೇಳುತ್ತಾನಂತೆ. "ಮೊದಲ ಮುಖಾ ತೋರಸ್ರಿ ಸಾವ್ಕಾರ್ರ. ಆಮ್ಯಾಲ ಹೇಳ್ರಿ."